ರೇಷನ್ ಮೇಡಂ

ನನಗೆ ಗೊತ್ತಿರುವ ಚರಿತ್ರೆಯೆಲ್ಲ ಗೋಡೆಯಾಚೆಯಿಂದ ಕೇಳಿಸಿಕೊಂಡದ್ದು. ಮದ್ದೂರಿನ ನಮ್ಮ ಕಾಲೇಜಿನಲ್ಲಿ ದೈಹಿಕ ಶಿಕ್ಷಣದವನಾದ ನನಗೆ ಅಂತ ಕೊಟ್ಟ ಕೋಣೆ ಮೊದಲು ಒಂದು ದೊಡ್ಡ ತರಗತಿಯ ಮೂಲೆಯಾಗಿತ್ತು. ನಡುವೆ ಒಂದು ಪ್ಲೈವುಡ್ ಹಲಗೆ ನಿಲ್ಲಿಸಿ ಪಾಲು ಮಾಡಿದ್ದರು. ಈಚೆ ಕಡೆ ವಾಲಿಬಾಲು, ನೆಟ್ಟು, ನಾನು. ಆಚೆ ಕಡೆ ಬಿ.ಎ. ಮಕ್ಕಳು ಮತ್ತು ಹಿಸ್ಟರಿ ಮೇಡಂ. ಚೆಂಡಿಗೆ ಗಾಳಿ ಹೊಡೆಯುತ್ತ ಕೂತರೆ ಅವರ ಪಾಠ ಒಂದಕ್ಷರ ಬಿಡದೆ ಕಿವಿಗೆ ಬೀಳುತ್ತಿತ್ತು. ಬೇಡ ಅಂದರೂ ಬೀಳುತ್ತಿತ್ತು.

ಮೇಡಂ ಹೋದ ತಿಂಗಳು ತೀರಿಕೊಂಡರು. ನಿವೃತ್ತಿಯಾಗಿ ಬಹಳ ಕಾಲವೇನೂ ಆಗಿರಲಿಲ್ಲ. ಕಾಲೇಜಿನಲ್ಲಿ ಸಭೆ ಸೇರಿಸಿ, ಫೋಟೋಗೆ ಹಾರ ಹಾಕಿ, "ಸರಳ ಜೀವಿ, ವಿದ್ಯಾರ್ಥಿಗಳ ಪಾಲಿನ ತಾಯಿ" ಅಂತ ಒಬ್ಬರಾದ ಮೇಲೆ ಒಬ್ಬರು ಮಾತಾಡಿದರು. ನನಗೆ ಸಿಟ್ಟೇ ಬಂತು. ಆಯಮ್ಮ ಸರಳವೂ ಅಲ್ಲ, ಯಾರಿಗೂ ತಾಯಿಯೂ ಅಲ್ಲ. ತಡವಾಗಿ ಬಂದ ಹುಡುಗನನ್ನು ಬಾಗಿಲಲ್ಲೇ ನಿಲ್ಲಿಸಿ, ಬೆಳಿಗ್ಗೆ ಏನು ತಿಂದೆ, ಅದನ್ನು ಯಾರು ಮಾಡಿದರು, ಮಾಡಿದವರು ಎಷ್ಟು ಹೊತ್ತಿಗೆ ಎದ್ದರು, ಅವರು ತಿಂದರಾ ಅಂತ ಕೇಳುತ್ತಿದ್ದರು. ಹುಡುಗ ಕೊನೆಯ ಪ್ರಶ್ನೆಗೆ ಬರುವ ಹೊತ್ತಿಗೆ ತಲೆ ತಗ್ಗಿಸಿರುತ್ತಿದ್ದ. ಇದು ತಾಯಿಯ ಲಕ್ಷಣವಲ್ಲ, ಪೊಲೀಸಿನವರ ಲಕ್ಷಣ. ಅದಕ್ಕೇ ನಾನು ಸಭೆಯಲ್ಲಿ ಮಾತಾಡಲಿಲ್ಲ, ಮನೆಗೆ ಬಂದು ಇದನ್ನು ಬರೆಯುತ್ತ ಕೂತಿದ್ದೇನೆ.

ಮಕ್ಕಳು ಅವರಿಗೆ ಇಟ್ಟಿದ್ದ ಹೆಸರು ರೇಷನ್ ಮೇಡಂ. ಯಾವ ಯುದ್ಧದ ಪಾಠ ಮಾಡಲಿ, ಅವರು ಯುದ್ಧಭೂಮಿಗೆ ಹೋಗುತ್ತಲೇ ಇರಲಿಲ್ಲ. ಅದರ ಹಿಂದೆ ಎಲ್ಲೋ ಕೆಸರಿನಲ್ಲಿ ಹೂತುಕೊಂಡ ಗಾಡಿಗಳ ಹತ್ತಿರವೇ ನಿಂತುಬಿಡುತ್ತಿದ್ದರು. ಅಮೆರಿಕದವರು ಇಂಗ್ಲೆಂಡಿನ ದೊರೆಯ ಮೇಲೆ ದಂಗೆ ಎದ್ದ ಪಾಠ ಬಂತೆಂದರೆ ನಾನು ಪಂಪು ಕೆಳಗಿಟ್ಟು ಹಲಗೆಗೆ ಕಿವಿ ಕೊಡುತ್ತಿದ್ದೆ. "ದಂಗೆ ಏಳೋದು ಸುಲಭ ಕಣ್ರಪ್ಪ," ಅಂತ ಶುರು. "ಎದ್ದ ಮೇಲೆ ಮಧ್ಯಾಹ್ನ ಆಗುತ್ತಲ್ಲ, ಆಗ ಏನು ಮಾಡ್ತೀರಿ?" ಸೈನ್ಯ ಕಟ್ಟಿದವರಿಗೆ ಕಂದಾಯ ಹಾಕುವ ಅಧಿಕಾರವೇ ಇರಲಿಲ್ಲವಂತೆ. ನೋಟು ಅಚ್ಚು ಹಾಕಿದರಂತೆ, ಹಾಕುತ್ತ ಹಾಕುತ್ತ ಆ ನೋಟಿಗೆ ರೈತ ಒಂದು ಸೇರು ಹಿಟ್ಟೂ ಕೊಡದ ಹಾಗಾಯಿತಂತೆ. ಹಿಮದಲ್ಲಿ ಸಿಪಾಯಿಗಳು ಕಾಲಿಗೆ ಬಟ್ಟೆ ಸುತ್ತಿಕೊಂಡು ನಡೆದರಂತೆ. ಫ್ರಾನ್ಸಿನ ರಾಜ ಇವರಿಗೆ ಸಹಾಯ ಮಾಡಲು ಹೋಗಿ ತನ್ನ ಬೊಕ್ಕಸವನ್ನೇ ಬರಿದು ಮಾಡಿಕೊಂಡನಂತೆ.

ಉಪ್ಪುನೀರಿನ ಪೀಪಾಯಿಯ ಕಥೆ ಅವರಿಗೆ ಬಲು ಇಷ್ಟ. ಮಾಂಸ ಕೆಡದಿರಲಿ ಅಂತ ಉಪ್ಪುನೀರು ತುಂಬಿದ ಮರದ ಪೀಪಾಯಿಗಳಲ್ಲಿ ಇಟ್ಟು ಗಾಡಿಗೇರಿಸುತ್ತಿದ್ದರಂತೆ. ಗಾಡಿಯವರು ಊರು ದಾಟಿದ ಕೂಡಲೇ, ಭಾರ ಕಮ್ಮಿಯಾಗಲಿ ಅಂತ, ನೀರು ಸುರಿದುಬಿಡುತ್ತಿದ್ದರಂತೆ. ದಂಡಿನವರು ಪೀಪಾಯಿ ತೆಗೆದರೆ ಒಳಗೆ ಹುಳ. "ಯಾರನ್ನ ಬೈತೀರಿ?" ಅಂತ ಕೇಳುತ್ತಿದ್ದರು. "ಗಾಡಿಯೋನು ಕೆಟ್ಟವನಲ್ಲ. ಅವನಿಗೆ ಎತ್ತು ಮುಖ್ಯ. ಎಲ್ಲರೂ ತಂತಮ್ಮ ಭಾರ ನೋಡ್ಕೊಂಡ್ರು, ಅಷ್ಟೇ."

ಇನ್ನೊಂದು ಕಥೆ ಹೇಳುವಾಗ ಮಾತ್ರ ಅವರ ದನಿ ತಗ್ಗುತ್ತಿತ್ತು. ಅದೇ ಚಳಿಗಾಲದಲ್ಲಿ ಆ ನೆಲದ ಮೂಲನಿವಾಸಿಗಳು ಬಲು ದೂರದಿಂದ ಜೋಳ ಹೊತ್ತು ತಂದು ಕೊಟ್ಟರು ಅಂತ ಹೇಳುತ್ತಾರಂತೆ. ಹಸಿದವರು ಅದನ್ನು ಹಸಿಯಾಗೇ ತಿನ್ನಲು ಹೋದಾಗ ತಡೆದು, ಬೇಯಿಸುವುದನ್ನು ಕಲಿಸಿದರಂತೆ. ಯುದ್ಧ ಗೆದ್ದ ಮೇಲೆ ಆ ಜನರ ಭೂಮಿ ಸ್ವಲ್ಪ ಸ್ವಲ್ಪವಾಗಿ ಕೈತಪ್ಪಿ ಹೋಯಿತು. ಇದನ್ನು ಹೇಳಿ ಮುಗಿಸಿದ ಮೇಲೆ ಮೇಡಂ ಪ್ರಶ್ನೆ ಕೇಳುತ್ತಿರಲಿಲ್ಲ. ಬೋರ್ಡು ಒರೆಸುವ ಸದ್ದಷ್ಟೇ ನನಗೆ ಕೇಳುತ್ತಿತ್ತು.

ಊಟದ ಬಗ್ಗೆ ಇಷ್ಟು ಮಾತಾಡುವ ಹೆಂಗಸಿಗೆ ಅಡುಗೆ ಬರುತ್ತಿರಲಿಲ್ಲ. ಇದನ್ನು ಯಾರೂ ನಂಬುತ್ತಿರಲಿಲ್ಲ. ಮನೆಯಲ್ಲಿ ಅಡುಗೆಯೆಲ್ಲ ಅವರ ಗಂಡನದು, ಕರೆಂಟು ಆಫೀಸಿನಲ್ಲಿದ್ದವರು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಡಬ್ಬಿ ಮುಂದಿಟ್ಟುಕೊಂಡು, "ನೋಡೋಣ, ಇವತ್ತು ಏನು ಕಳಿಸಿದ್ದಾರೋ," ಅಂತ ಮುಚ್ಚಳ ತೆಗೆಯುತ್ತಿದ್ದರು. ಮದುವೆಗೆ ಹೋದರೆ ಹೆಣ್ಣನ್ನೂ ಗಂಡನ್ನೂ ನೋಡುವ ಮೊದಲು ಛತ್ರದ ಹಿಂದುಗಡೆ ಹೋಗಿ ಒಲೆ, ಸೌದೆ, ನೀರಿನ ಡ್ರಮ್ಮು ನೋಡಿಕೊಂಡು ಬರುತ್ತಿದ್ದರು. ಬಂದು ನನ್ನ ಕಿವಿಯಲ್ಲಿ, "ಮೇಷ್ಟ್ರೇ, ಎರಡನೇ ಪಂಕ್ತಿಗೇ ಕೂತುಬಿಡಿ, ಪಲ್ಯ ಆಮೇಲೆ ಸಿಗಲ್ಲ," ಅನ್ನುತ್ತಿದ್ದರು. ಅವರ ಅಂದಾಜು ಹೆಚ್ಚಾಗಿ ತಪ್ಪುತ್ತಿತ್ತು. ಆದರೂ ಗಾಬರಿಯಾಗಿ ನಾನು ಎರಡನೇ ಪಂಕ್ತಿಗೇ ಕೂರುತ್ತಿದ್ದೆ.

ಒಮ್ಮೆ ಸಿಬ್ಬಂದಿಯೆಲ್ಲ ಹೊಳೆದಂಡೆಯಲ್ಲಿ ಆಂಜನೇಯನ ಗುಡಿಯಿರುವ ಮುತ್ತತ್ತಿಗೆ ಹೋಗಿದ್ದೆವು. ಎಲ್ಲರೂ ಹೊಳೆಗೆ ಇಳಿದರೆ ಈಯಮ್ಮ ಬುತ್ತಿಯ ಚೀಲಗಳ ಪಕ್ಕ ಛತ್ರಿ ಹಿಡಿದು ಕೂತರು. "ಬನ್ನಿ ಮೇಡಂ, ಆಂಜನೇಯ ನೋಡ್ಕೋತಾನೆ," ಅಂದೆ. "ಆಂಜನೇಯನ ಕಡೆಯವರಿಂದಲೇ ಭಯ ಇರೋದು," ಅಂದರು. ನಿಜ, ಸುತ್ತ ಮರದ ಮೇಲೆಲ್ಲ ಕೋತಿಗಳು. ಅವರು ಒಂದು ನಿಮಿಷ ಆಚೆ ತಿರುಗಿದ್ದಕ್ಕೆ ಚಿತ್ರಾನ್ನದ ಪೊಟ್ಟಣವೊಂದು ಮರ ಏರಿತು. ವಾಪಸು ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರಿಗೆ ಅದೇ ಕೊರಗು.

ಅವರ ಊರು ಮಳವಳ್ಳಿ ತಾಲ್ಲೂಕಿನದು. ಪೂರಿಗಾಲಿಗೆ ಹೋಗುವ ಬಸ್ಸು ಹತ್ತಿ ನಡುವೆ ಇಳಿಯಬೇಕು. ಹೆಸರು ಬರೆಯುವುದಿಲ್ಲ, ಬರೆದರೆ ಊರಿನವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಮೇಡಂ ಹುಟ್ಟಿದ್ದು ಆ ಊರಿನ ದಲಿತರ ಕೇರಿಯಲ್ಲಿ. ಅವರ ತಂದೆ ಬೌದ್ಧ ಧರ್ಮ ತೆಗೆದುಕೊಂಡವರು. ಹೊಸದಾಗಿ ಬಂದ ಉಪನ್ಯಾಸಕರು ಸುತ್ತಿ ಬಳಸಿ, "ನಿಮ್ಮದು ಯಾವ ಕಡೆ ಆಯ್ತು ಮೇಡಂ?" ಅಂತ ಕೇಳಿದರೆ, "ಜಾತಿ ಬೇಕಾ, ಬಸ್ ಸ್ಟಾಪು ಬೇಕಾ? ನೇರವಾಗಿ ಕೇಳಿ, ನೇರವಾಗಿ ಹೇಳ್ತೀನಿ," ಅನ್ನುತ್ತಿದ್ದರು. ಕೇಳಿದವರು ಚಾಕ್‌ಪೀಸ್ ಹುಡುಕುತ್ತ ಹೊರಟುಹೋಗುತ್ತಿದ್ದರು.

ಈಗ ಆ ಮಧ್ಯಾಹ್ನದ ಸಂಗತಿಗೆ ಬರುತ್ತೇನೆ. ಹೇಳಬೇಕು ಅಂತ ಕೂತಿದ್ದೇ ಅದನ್ನು.

ಆ ವರ್ಷ ಕಾವೇರಿ ನೀರಿಗಾಗಿ ಮತ್ತೆ ಚಳವಳಿ ಶುರುವಾಗಿತ್ತು. ಕಾಲೇಜಿಗೆ ರಜೆ. ಹೆದ್ದಾರಿಯ ಪಕ್ಕ ಶಾಮಿಯಾನ ಹಾಕಿ, ಸುತ್ತಲ ಊರುಗಳವರು ಬಂದು ಧರಣಿ ಕೂರುವುದು ಅಂತ ತೀರ್ಮಾನವಾಯಿತು. ಸಮಿತಿಯ ಅಧ್ಯಕ್ಷರು ಒಬ್ಬ ಹಿರಿಯ ಕಬ್ಬು ಬೆಳೆಗಾರರು, ಮೇಡಂ ಊರಿನ ಮೇಲಿನ ಬೀದಿಯವರು. ನ್ಯಾಯಸ್ಥ, ಬಾಯಿ ಒರಟು, ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ನಿಲ್ಲುವ ಜೀವ. ಪೂರ್ವಭಾವಿ ಸಭೆಗೆ ಮೇಡಂ ತಾವಾಗಿ ಬಂದರು, ನನ್ನನ್ನೂ ಎಳೆದುಕೊಂಡು ಬಂದರು. ಹೆಂಗಸು ಬಂದದ್ದು ಕಂಡು ಯಾರೋ, "ಅಡುಗೆ ಮೇಡಂಗೆ ವಹಿಸನ," ಅಂದರು.

"ನನಗೆ ಅಡುಗೆ ಬರಲ್ಲ," ಅಂದರು ಮೇಡಂ. "ಊಟ ಎಲ್ಲಿಂದ ಬರುತ್ತೆ, ಯಾರು ತರ್ತಾರೆ, ಅದನ್ನ ನೋಡ್ಕೋತೀನಿ."

ಪೇಟೆಯ ಅಂಗಡಿಗಳಿಂದ ಅಕ್ಕಿ ಬೇಳೆ ಎತ್ತಿಸೋಣ, ಕೊಡದೆ ಎಲ್ಲಿಗೆ ಹೋಗುತ್ತಾರೆ ಅಂತ ಕೆಲವು ಹುಡುಗರ ಸಲಹೆ. ಮೇಡಂ ಒಪ್ಪಲಿಲ್ಲ. ಹೆದರಿಸಿ ತಂದ ಅಕ್ಕಿ ಒಂದು ದಿನಕ್ಕೆ ಆಗುತ್ತೆ, ಮಾರನೇ ದಿನ ಅಂಗಡಿಯವನು ನಮ್ಮ ಶತ್ರು ಆಗಿರುತ್ತಾನೆ ಅಂದರು. ಅಧ್ಯಕ್ಷರಿಗೂ ಅದು ಸರಿ ಕಂಡಿತು. "ಅಂಗಾರೆ ಮನೆಗೊಂದು ಮುದ್ದೆ," ಅಂದರು. ನಮ್ಮ ಕಡೆ ಇದು ಹೊಸದೇನಲ್ಲ. ಊರಿನ ಕೆಲಸ ಅಂದರೆ ಪ್ರತಿ ಮನೆಯಿಂದ ಒಂದು ರಾಗಿ ಮುದ್ದೆ ಬುಟ್ಟಿಗೆ ಬೀಳುತ್ತದೆ, ಯಾರಿಗೂ ಹೊರೆಯಾಗುವುದಿಲ್ಲ.

"ಸಾರು?" ಅಂತ ಮೇಡಂ ಕೇಳಿದರು. "ಮುದ್ದೆ ಕೊಡೋದು ಸುಲಭ. ಸಾರು ಹೊತ್ಕೊಂಡು ಬರೋದು ಕಷ್ಟ. ಯಾವ ಊರು ಸಾರು ಅಂತ ಈಗಲೇ ಹೇಳಿಬಿಡಿ."

"ಬುಡಿ ಮೇಡಂ. ಮುದ್ದೆ ಬಂದ್ಮ್ಯಾಕೆ ಸಾರು ಬರಕ್ಕಿಲ್ವಾ? ಮುದ್ದೆನ ಯಾರಾದ್ರೂ ಬರೀದು ಕಳುಸ್ತಾರಾ?" ಅಂದರು ಅಧ್ಯಕ್ಷರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಧರಣಿಯ ಮೊದಲ ದಿನ ಮಧ್ಯಾಹ್ನ ಟೆಂಪೋಗಳು ಬರತೊಡಗಿದವು. ಒಂದರಿಂದ ಮುದ್ದೆ ಇಳಿಯಿತು. ಇನ್ನೊಂದರಿಂದ ಮುದ್ದೆ ಇಳಿಯಿತು. ಕೆರಗೋಡಿನ ಕಡೆಯಿಂದ ಬಂದ ಬಸ್ಸಿನ ಟಾಪಿನಿಂದಲೂ ಮುದ್ದೆ. ಬುಟ್ಟಿ ಬುಟ್ಟಿ ಮುದ್ದೆ, ಮೇಲೆ ಒದ್ದೆ ಪಂಚೆ ಹೊದಿಸಿಕೊಂಡು, ಹಬೆಯಾಡುತ್ತ ಕೂತಿದ್ದವು. ಸಾರು ಎಲ್ಲೂ ಇಲ್ಲ. ನಾನು ಟೆಂಪೋದಿಂದ ಟೆಂಪೋಗೆ ಓಡಿ ಕೇಳಿದರೆ ಎಲ್ಲರದೂ ಒಂದೇ ಉತ್ತರ. "ಸಾರಾ? ಪಕ್ಕದೂರೋರು ತರ್ತಾರೆ ಅಂದ್ಕೊಂಡೊ ಕಣ್ ಸಾ. ಗಾಡೀಲಿ ತುಳುಕೋಯ್ತದೆ ಅಂತ ನಾವ್ ಮಾಡಿಲ್ಲ." ಶಾಮಿಯಾನದ ಕೆಳಗೆ ಬೆಳಗಿನಿಂದ ಘೋಷಣೆ ಕೂಗಿ ಗಂಟಲು ಒಣಗಿದ ಜನ. ಬರಿಯ ಮುದ್ದೆ ಯಾರ ಗಂಟಲಲ್ಲಿ ಇಳಿಯುತ್ತದೆ ಸ್ವಾಮಿ? ಮುದುಕರು ಮುನಿಸಿಕೊಂಡು ಟವಲು ಕೊಡವತೊಡಗಿದರು. ಮನೆಗೆ ಹೋಗಿ ಉಂಡು ಬತ್ತೀವಿ ಅಂದರು. ಹೋದವರು ಬರುವುದಿಲ್ಲ ಅಂತ ಅಧ್ಯಕ್ಷರಿಗೆ ಗೊತ್ತಿತ್ತು. ಧರಣಿ ಮೊದಲ ದಿನವೇ ಮುದ್ದೆಯ ಮುಂದೆ ಮುರಿದುಬೀಳುವ ಹಾಗಿತ್ತು. ಮೇಡಂ "ನಾನು ಹೇಳಿರಲಿಲ್ವಾ" ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು, ಅಷ್ಟು ಸಪ್ಪಗಾಗಿತ್ತು ಅವರ ಮುಖ.

ಅಷ್ಟರಲ್ಲಿ ಒಂದು ಗೂಡ್ಸ್ ಆಟೋ ಬಂತು. ಹಿಂದೆ ಎರಡು ದೊಡ್ಡ ಹಂಡೆ, ಬಾಯಿಗೆ ಬಾಳೆಲೆ ಬಿಗಿದು, ನಾಲ್ಕಾರು ಹೆಂಗಸರು ತಬ್ಬಿ ಹಿಡಿದುಕೊಂಡಿದ್ದರು. ಹುರುಳಿಕಾಳಿನ ಸಾರಿನ ವಾಸನೆ ರಸ್ತೆಯಾಚೆಗೂ ಹೋಯಿತು. ಆ ಹೆಂಗಸರ ನಡುವಿನಿಂದ ಸೊಂಟ ಹಿಡಿದುಕೊಂಡು ಮೆಲ್ಲಗೆ ಇಳಿದದ್ದು ಮೇಡಂ ಅವರ ತಾಯಿ.

"ಇದೇನವ್ವ?" ಅಂದರು ಮೇಡಂ.

"ನಿಮ್ ಅಧ್ಯಕ್ಸ್ರು ನೆನ್ನೆ ಬಂದಿದ್ರು ಕಣಮ್ಮ. ಮೇಲ್ಗಡೆ ಬೀದೀಲಿ ಮನೆಗೊಂದು ಮುದ್ದೆ ಅಂದ್ರು. ನಮ್ ಕೇರಿ ತಾವ್ ಬಂದು, ನೀವು ಮುದ್ದೆ ಮಾಡ್ಬ್ಯಾಡಿ, ಮುದ್ದೆ ಜಾಸ್ತಿ ಆಗ್ಬುಟ್ಟದೆ, ಸೌದೆ ಕಳ್ಸಿ ಸಾಕು ಅಂದ್ರು. ಮುದ್ದೆ ಜಾಸ್ತಿ ಆಗದೆ ಅಂದ್ಮ್ಯಾಲೆ ಸಾರು ಬೇಕಲ್ವಾ? ಅದ್ಕೆ ಸೌದೆನೆಲ್ಲ ಉರ್ಸಿ ಸಾರು ಕಾಯಿಸ್ದೊ."

ಓದುವವರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ ಅಂದುಕೊಂಡಿದ್ದೇನೆ, ಆದರೂ ಹೇಳಿಬಿಡುತ್ತೇನೆ. ಊರೊಟ್ಟಿನ ಊಟಕ್ಕೆ ಕೇರಿಯಿಂದ ಸೌದೆ ಬರಬಹುದು, ಎಲೆ ಬರಬಹುದು, ಕಾಳು ಬರಬಹುದು. ಬೇಯಿಸಿದ್ದು ಮಾತ್ರ ಬರಕೂಡದು. ಯಾರೂ ಎಲ್ಲೂ ಬರೆದಿಟ್ಟದ್ದಲ್ಲ, ನಡೆದು ಬಂದದ್ದು. ಅಧ್ಯಕ್ಷರಿಗೆ ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ, ಮುದ್ದೆ ಜಾಸ್ತಿಯಾಗಿದೆ ಅಂತ ನೆಪ ಹೇಳಿ ಬಂದಿದ್ದರು. ಆ ಮುದುಕಿ ನೆಪವನ್ನೇ ನಿಜ ಅಂದುಕೊಂಡರೋ, ಎಲ್ಲ ಗೊತ್ತಿದ್ದೇ ಹಂಡೆ ಒಲೆಗೇರಿಸಿದರೋ, ಇವತ್ತಿಗೂ ನನಗೆ ತಿಳಿಯದು. ಅವರ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ.

ಅಧ್ಯಕ್ಷರು ಬೇಗ ಬೇಗ ಬಂದರು. ಹಂಡೆ ನೋಡಿದರು, ಹೆಂಗಸರನ್ನು ನೋಡಿದರು, ಮೇಡಂ ಅವರನ್ನು ಪಕ್ಕಕ್ಕೆ ಕರೆದರು. "ತಾಯಿ, ದೇವ್ರು ಬಂದಂಗೆ ಬಂತು ಸಾರು. ಆದ್ರೆ ಎಲ್ಲಿಂದ ಬಂತು ಅಂತ ಯೋಳ್ಬ್ಯಾಡಿ. ಸುಮ್ನೆ ಬಡಿಸ್ಬುಡನ. ಜನ ಉಣ್ಲಿ. ಆಮೇಕೆ ನೋಡ್ಕಳನ."

ನಾನೂ ಅದನ್ನೇ ಅಂದೆ. ಈಗ ಹೇಳಿದರೆ ಎದ್ದು ಹೋಗುವವರು ಹೋಗುತ್ತಾರೆ, ಧರಣಿ ಒಡೆಯುತ್ತದೆ, ನಿಮ್ಮ ತಾಯಿ ತುಂಬಿದ ಹಂಡೆ ವಾಪಸು ಹೊತ್ತುಕೊಂಡು ಹೋಗಬೇಕಾಗುತ್ತದೆ, ಅದು ನಿಮಗೆ ಬೇಕಾ ಅಂದೆ.

ಮೇಡಂ ಹಂಡೆಯ ಕಡೆ ನೋಡುತ್ತ ನಿಂತರು. "ಹೇಳದೆ ಇದ್ರೆ ಎಲ್ಲರೂ ಉಣ್ತಾರೆ ಮೇಷ್ಟ್ರೇ, ನನಗೂ ಗೊತ್ತು," ಅಂದರು. "ಉಂಡು, ನಾಳೆ ಮತ್ತೆ ಸೌದೆ ಕಳಿಸಿ ಅಂತಾರೆ. ನಮ್ಮವ್ವನ ಕೈ ಸಾರು ಉಂಡೆ ಅನ್ನೋರು ಯಾರೂ ಇರಲ್ಲ. ಅದಕ್ಕಿಂತ ಹಂಡೆ ವಾಪಸು ಹೋಗೋದೇ ವಾಸಿ." ನಡೆದು ಹೋಗಿ ಮೈಕು ತೆಗೆದುಕೊಂಡರು.

ಭಾಷಣ ಮಾಡಲಿಲ್ಲ. ತರಗತಿಯ ದನಿಯಲ್ಲೇ ಹೇಳಿದರು. "ಮುದ್ದೆ ಎಲ್ಲಾ ಊರಿಂದ ಬಂದಿದೆ. ಸಾರು ಒಂದೇ ಕಡೆಯಿಂದ ಬಂದಿದೆ. ನಮ್ಮೂರಿನ ಕೇರಿಯಿಂದ, ನಮ್ಮವ್ವ ಮತ್ತೆ ಅವರ ಜೊತೆಯವರು ಮಾಡಿದ್ದು. ಬಡಿಸೋರೂ ಅವರೇ. ಬೇಕಾದವರು ಸಾಲಾಗಿ ಬನ್ನಿ."

ಶಾಮಿಯಾನದ ಕೆಳಗೆ ಯಾರೂ ಏಳಲಿಲ್ಲ. ಮೇಡಂ ಮೈಕು ಹಿಡಿದುಕೊಂಡೇ ನಿಂತಿದ್ದರು. ಅವರ ತಾಯಿ ಸೌಟು ಹಿಡಿದುಕೊಂಡು ನಿಂತಿದ್ದರು. ನಾನು ಮೊದಲು ಹೋಗಬೇಕು ಅಂತ ಹೆಜ್ಜೆ ಎತ್ತಿದೆ. ಅಷ್ಟರಲ್ಲಿ ಕೆರಗೋಡಿನ ಕಡೆಯ ಒಬ್ಬ ಅಜ್ಜಿ ನನ್ನನ್ನು ಪಕ್ಕಕ್ಕೆ ತಳ್ಳಿ, ತಟ್ಟೆ ಮುಂದೆ ಹಿಡಿದುಕೊಂಡು ಹೋದಳು. "ಅರ್ಧ ದಿನದಿಂದ ನೀರು ಬೇಕು ನೀರು ಬೇಕು ಅಂತ ಕಿರುಚ್ಕೊಂಡಿವ್ನಿ. ಸಾರಿಗೆ ಊರು ಕೇರಿ ಕೇಳಾನಾ ಈಗ? ಆಕು ತಾಯಿ, ಗಟ್ಟಿ ಕಾಳು ಬರೋ ಅಂಗೆ ಆಕು." ಆಮೇಲೆ ಒಬ್ಬೊಬ್ಬರಾಗಿ ಎದ್ದರು. ಕೊನೆಗೆ ಸಾಲು ರಸ್ತೆಯವರೆಗೆ ಬಂತು. ಕೆಲವರಿಗೆ ಇದ್ದಕ್ಕಿದ್ದಂತೆ ವಡೆ ತಿನ್ನಬೇಕು ಅನಿಸಿ ಪೇಟೆಯ ಕಡೆ ಹೋದರು, ಅದನ್ನೂ ಬರೆಯಬೇಕು. ಹೋದವರಲ್ಲಿ ನನಗೆ ಬೇಕಾದವರೂ ಇದ್ದರು. ಅಧ್ಯಕ್ಷರು ಹೋಗಲಿಲ್ಲ, ಉಣ್ಣಲೂ ಇಲ್ಲ. "ಸುಗರು," ಅಂತ ಹೇಳಿ ಒಂದು ಕಡೆ ಕೂತರು. ಹುರುಳಿ ಸಾರಿಗೂ ಸಕ್ಕರೆ ಕಾಯಿಲೆಗೂ ಏನು ಸಂಬಂಧವೋ ನಾನು ಕೇಳಲಿಲ್ಲ.

ಸಂಜೆ ಅವರು ಮೇಡಂ ಹತ್ತಿರ ಬಂದರು. ಮುಖ ಇಳಿದಿತ್ತು. "ನಾಳೀಕೂ ಸಾರು ಬೇಕು ಮೇಡಂ. ಮುದ್ದೇನೂ ಕಳ್ಸಿ ಅಂತ ನಿಮ್ಮವ್ವಂಗೆ ಒಂದ್ ಮಾತು ಯೋಳ್ಬುಡಿ."

"ನಾನು ಹೇಳಲ್ಲ," ಅಂದರು ಮೇಡಂ. "ಬೇಡ ಅನ್ನೋಕೆ ನೀವೇ ಹೋಗಿದ್ರಲ್ಲ ಅಣ್ಣ, ಬೇಕು ಅನ್ನೋಕೂ ನೀವೇ ಹೋಗಿ."

ಅಣ್ಣ ಅಂದದ್ದು ಅದೇ ಮೊದಲು. ಅಧ್ಯಕ್ಷರು ನನ್ನ ಕಡೆ ತಿರುಗಿ, "ಮೇಷ್ಟ್ರೇ, ನಿಮ್ ಸ್ಕೂಟ್ರು ತಗೀರಿ," ಅಂದರು. ಕೇರಿಗೆ ಹೋಗಿ ಆ ಮನೆಯ ಮುಂದೆ ನಿಲ್ಲಿಸಿದೆ. ತಾಯಿ ಹೊರಗೆ ಬಂದರು. ಅಧ್ಯಕ್ಷರು ಬೀದಿಯಲ್ಲೇ ನಿಂತು ಮಾತು ಶುರು ಮಾಡಲು ಹೋದರು.

"ನಿಂತ್ಕಂಡೇ ಮಾತಾಡೀರಾ? ಕುಂತ್ಕಳ್ಳಿ," ಅಂದರು ಆಯಮ್ಮ.

ಮನೆಯ ಮುಂದೆ ಉದ್ದಕ್ಕೂ ಜಗಲಿ ಇತ್ತು. ಕೆಂಪು ಗಾರೆ, ನುಣ್ಣಗೆ ಹೊಳೆಯುತ್ತಿತ್ತು. ಅಧ್ಯಕ್ಷರು ಒಮ್ಮೆ ಬೀದಿಯ ಆ ಕೊನೆ ನೋಡಿದರು, ಈ ಕೊನೆ ನೋಡಿದರು. ಪಂಚೆ ಎತ್ತಿ ಕೂತರು. ಕೇಳದೆಯೇ ತಟ್ಟೆ ಬಂತು, ಮುದ್ದೆ, ಮಧ್ಯಾಹ್ನದ ಸಾರು. ಸುಗರಿನ ಮಾತು ಬರಲಿಲ್ಲ. ಮುರಿದು ಅದ್ದಿ ನುಂಗಿದರು, ಇನ್ನೊಂದು ಸೌಟು ಹಾಕಿಸಿಕೊಂಡರು, ಕೈ ತೊಳೆದ ಮೇಲೆ, "ನಾಳೆ ಮುದ್ದೆ ಕಳ್ಸವ್ವ," ಅಂದರು. "ಕಳುಸ್ತೀವಿ. ಬ್ಯಾಡ್ದಿದ್ರೆ ಬ್ಯಾಡ ಅನ್ನಿ, ಜಾಸ್ತಿ ಆಯ್ತು ಅನ್ಬ್ಯಾಡಿ," ಅಂದರು ತಾಯಿ. ಅಧ್ಯಕ್ಷರು ಹೂಂ ಅಂದರು. ಆಯಮ್ಮನಿಗೆ ಎಲ್ಲ ಗೊತ್ತಿತ್ತೋ ಏನೋ ಅಂತ ನನಗೆ ಮೊದಲು ಅನುಮಾನ ಬಂದದ್ದು ಆಗ.

ವಾಪಸು ಬಂದಾಗ ಮೇಡಂ ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಇಡುತ್ತಿದ್ದರು. ನಡೆದದ್ದೆಲ್ಲ ಹೇಳಿದೆ. ನಾನು ಖುಷಿಯಾಗಿ, ಸ್ವಲ್ಪ ಉಪ್ಪು ಖಾರ ಹಚ್ಚಿಯೇ ಹೇಳಿದೆ ಅನ್ನಿ. ಅವರಿಗೂ ಖುಷಿಯಾಗುತ್ತದೆ, ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ.

"ಎಲ್ಲಿ ಕೂತ್ರು ಅಂದ್ರಿ?"

"ಜಗಲಿ ಮೇಲೆ ಮೇಡಂ. ಬಾಗಿಲ ಪಕ್ಕದಲ್ಲೇ."

ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟರು. ಕಣ್ಣೀರು ತುಂಬಿ ಕನ್ನಡಕ ತೆಗೆದರು. ಅಷ್ಟು ವರ್ಷ ಹಲಗೆಯಾಚೆಯಿಂದ ಕೇಳಿದ ದನಿಯಲ್ಲಿ ಹೀಗೊಂದು ದನಿ ಇದೆ ಅಂತ ನನಗೆ ಗೊತ್ತಿರಲಿಲ್ಲ.

"ನಮ್ಮಪ್ಪ ಗಾರೆ ಕೆಲಸದೋರು ಕಣ್ರೀ ಮೇಷ್ಟ್ರೇ. ಅದನ್ನ ಅವರೇ ಕಟ್ಟಿದ್ದು. ಇಷ್ಟು ಅಗಲ ಯಾಕಪ್ಪ ಅಂದ್ರೆ, ಮೇಲಿನ ಬೀದಿಯೋರು ಯಾರಾದ್ರೂ ಬಂದ್ರೆ ಕೂರೋಕೆ ಜಾಗ ಬೇಡ್ವಾ ಮಗಳೇ ಅನ್ನೋರು. ಅವರು ಬರೋರು, ಬೀದೀಲಿ ನಿಂತೇ ಕೆಲಸ ಹೇಳಿ ಹೋಗೋರು. ದಿನಾ ಸಾಯಂಕಾಲ ಅಪ್ಪ ಅದನ್ನ ಒರೆಸಿ ಇಡ್ತಿದ್ರು. ಒಬ್ಬರೂ ಕೂರಲಿಲ್ಲ. ಕೊನೆಗೆ ತೀರ್ಕೊಂಡ ದಿನ ಅಪ್ಪನ್ನೇ ಅಲ್ಲಿ ಕೂರಿಸಿದ್ವಿ, ಹಾರ ಹಾಕಿ."